ಒಂದೇ ಡಬ್ಬಿಗೆ ಸುರಿದ ಗುಳಿಗೆಗಳು

ಮಾರ್ಚ್ 9, ಸೋಮವಾರ
ಸಂಜೆ ಆರೂವರೆ

ಪ್ರೀತಿಯ ಮಗಳೇ,

ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದೆ, ಈಗಷ್ಟೇ ಬಂದು ಕೂತೆ. ನೀನು ಹೇಗಿದ್ದೀಯ? ಮಗುವಿನ ಕೆಮ್ಮು ಹೋಯಿತೇ? ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು, ಬೇಸರ ಮಾಡಿಕೊಳ್ಳಬೇಡ. "ಅಮ್ಮ ಆ ಗುಳಿಗೆ ಸರಿಯಾಗಿ ತಗೊಳ್ತಿದ್ಳಾ ಚಿಕ್ಕಮ್ಮ?" ಎಂದು ಕೇಳಿದ್ದೆ. ಏನು ಬರೆಯಬೇಕೆಂದು ತಿಳಿಯದೆ ದಿನ ತಳ್ಳಿದೆ.

ಹೋದ ವರ್ಷ ಆಸ್ಪತ್ರೆಯವರು ನಮ್ಮ ಹೊಲಿಗೆ ಕಾರ್ಖಾನೆಗೆ ಬಂದು ದಪ್ಪಗಿರುವವರನ್ನು ಹುಡುಕಿದರು. ಹುಡುಕುವುದೇನು ಬಂತು, ಅಕ್ಕಪಕ್ಕದ ಮೆಷಿನ್‌ಗಳಲ್ಲಿ ನಾನೂ ನಿಮ್ಮಮ್ಮನೂ ಕೂತಿದ್ದೆವಲ್ಲ. ಮೈಯಲ್ಲಿ ಕೊಬ್ಬು ಹೆಚ್ಚಾದರೆ ಒಳಗೊಳಗೇ ಸಣ್ಣ ಉರಿಯೂತ ಶುರುವಾಗುತ್ತದಂತೆ. ಅರಿಶಿನದಿಂದ ತೆಗೆದ ಸಾರ ಅದನ್ನು ತಗ್ಗಿಸುತ್ತದೆಯೇ ಎಂದು ಅವರು ನೋಡಬೇಕಿತ್ತು.

"ಒಳಗೆ ಅಷ್ಟು ಉರಿ ಇದ್ದಿದ್ರೆ ಗ್ಯಾಸಿನ ಖರ್ಚಾದ್ರೂ ಉಳೀತಿತ್ತಲ್ಲೇ!" ಎಂದಳು ನಿಮ್ಮಮ್ಮ. ಸೂಪರ್‌ವೈಸರ್ ಕೂಡ ನಕ್ಕುಬಿಟ್ಟ.

ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ಕೊಟ್ಟರು. ಕೆಲವರದರಲ್ಲಿ ಅಸಲಿ ಸಾರ, ಕೆಲವರದರಲ್ಲಿ ಬರೀ ಹಿಟ್ಟು. ಯಾರಿಗೆ ಯಾವುದೆಂದು ಹೇಳುವುದಿಲ್ಲ. ಒಳಗೆ ಪುಡಿ ತುಂಬಿದ ಕ್ಯಾಪ್ಸೂಲ್ ಗುಳಿಗೆಗಳು, ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಮಾರನೆಯ ದಿನವೇ ನಿಮ್ಮಮ್ಮ ತನ್ನ ಬಾಟಲಿಯನ್ನು ನನ್ನ ಮೆಷಿನ್ ಮೇಲೆ ಕುಕ್ಕಿದಳು.

"ನಿಂದೂ ಕೊಡು. ಎರಡೂ ಸೇರಿಸಿಬಿಡೋಣ. ಅಸಲಿ ಯಾರಿಗೆ ಬಂದಿದ್ರೂ ಇಬ್ಬರಿಗೂ ಅರ್ಧರ್ಧ ಸಿಗ್ಲಿ."

"ಗೊತ್ತಾದ್ರೆ ಬೈತಾರೆ ಕಣೇ," ಎಂದೆ.

"ಬೈದ್ರೆ ಅದನ್ನೂ ಅರ್ಧರ್ಧ ತಿನ್ನೋಣ ಬಿಡು."

ಊಟದ ಡಬ್ಬಿಯಿಂದ ಹಿಡಿದು ಗಂಡಂದಿರ ಮೇಲಿನ ಸಿಟ್ಟಿನವರೆಗೆ ಎಲ್ಲವನ್ನೂ ಹಂಚಿಕೊಂಡವರು ನಾವು, ಇದೇನು ಮಹಾ ಎನಿಸಿತು. ಗುಂಡಿ ಹಾಕಿಡುತ್ತಿದ್ದ ಡಬ್ಬಿಗೆ ಎಲ್ಲವನ್ನೂ ಸುರಿದಳು. ಅವರು ಹೊಸ ಬಾಟಲಿ ಕೊಟ್ಟಾಗಲೆಲ್ಲ ಹಾಗೇ ಮಾಡಿದೆವು. ದಿನಾ ಊಟವಾದ ಮೇಲೆ ಅದರಿಂದ ನನಗೊಂದು ಕೊಟ್ಟು ತಾನೊಂದು ನುಂಗುತ್ತಿದ್ದಳು. ಸಂಜೆ ಒಟ್ಟಿಗೆ ನಡೆಯಲೂ ಶುರುಮಾಡಿದೆವು. ಗುಳಿಗೆಯಿಂದಲೋ ನಡಿಗೆಯಿಂದಲೋ ಕಾಣೆ, ನನ್ನ ಮಂಡಿಯ ಊತ ಇಳಿಯಿತು. ಅಷ್ಟರಲ್ಲಿ ಅವಳ ಹೃದಯ ನಿಂತುಹೋಯಿತು.

ಇವತ್ತು ಉಳಿದ ಗುಳಿಗೆಗಳನ್ನು ಹಿಂದಿರುಗಿಸಬೇಕಿತ್ತು. ಡಬ್ಬಿಯನ್ನು ಡಾಕ್ಟರಮ್ಮನ ಮುಂದಿಟ್ಟು ಇದ್ದದ್ದನ್ನು ಹೇಳಿದೆ. ಅವರು ಎರಡು ಗುಳಿಗೆ ಬಿಚ್ಚಿ ಕಾಗದದ ಮೇಲೆ ಉದುರಿಸಿದರು. ಒಂದು ಹಳದಿ, ಒಂದು ಬಿಳಿ.

"ಅಸಲಿ ಯಾರದಿತ್ತು?" ಎಂದೆ.

"ಅವರು ತೀರಿಕೊಂಡ ಮೇಲೆ ಯಾರಿಗೆ ಯಾವುದು ಅನ್ನೋ ಪಟ್ಟಿ ತೆಗೆದು ನೋಡಿದ್ವಿ. ಅಸಲಿ ಅವರದೇ ಇತ್ತಮ್ಮ. ನಿಮ್ಮದು ಬರೀ ಹಿಟ್ಟು."

ಕಾಗದದ ಮೇಲಿನ ಹಳದಿ ಪುಡಿಯನ್ನೇ ನೋಡುತ್ತ ಕೇಳಿದೆ, "ಪೂರ್ತಿ ಅವಳೇ ತಗೊಂಡಿದ್ರೆ ಉಳೀತಿದ್ಳಾ?"

"ಹಾಗಂತ ಯಾರೂ ಹೇಳೋಕಾಗಲ್ಲ. ಉರಿಯೂತ ಒಂಚೂರು ತಗ್ಗಬಹುದೇನೋ ಅಂತ ನೋಡ್ತಿದ್ದೀವಿ, ಅಷ್ಟೇ. ಅದೂ ಇನ್ನೂ ಖಚಿತ ಇಲ್ಲ. ಹೃದಯ ಉಳಿಸೋ ಔಷಧಿ ಅಲ್ಲಮ್ಮ ಇದು. ನೀವು ಇದನ್ನ ತಲೆಗೆ ಹಚ್ಕೋಬೇಡಿ." ಆಮೇಲೆ ಮೆಲ್ಲಗೆ, "ನಿಮ್ಮಿಬ್ಬರ ರಕ್ತಪರೀಕ್ಷೆ ಮಾತ್ರ ನಮಗಿನ್ನು ಲೆಕ್ಕಕ್ಕೆ ಬರಲ್ಲ," ಎಂದರು.

ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. ಆದರೂ ದಾರಿಯುದ್ದಕ್ಕೂ ನನ್ನ ಮಂಡಿ ನೋಯಲಿಲ್ಲವಲ್ಲ, ಅದೇ ಸಂಕಟವಾಯಿತು. ನಿನ್ನ ಅಮ್ಮನ ಪಾಲಿನದರಲ್ಲಿ ಅರ್ಧ ನಾನು ತಿಂದೆ ಮಗಳೇ. ನಿನ್ನ ಪ್ರಶ್ನೆಗೆ ಉತ್ತರ ಇದು. ಸಿಟ್ಟು ಬಂದರೆ ಬೈದು ಬರೆ, ಬರೆಯದೆ ಮಾತ್ರ ಇರಬೇಡ.

ನೀನೂ ಮಗುವೂ ತಣ್ಣಗಿರಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಮೆಷಿನ್ ಚಿಕ್ಕಮ್ಮ

ಮರೆತ ಮಾತು: ಬಾಟಲಿ ತಂದು ಕುಕ್ಕಿದ ದಿನ ಅವಳ ಬೆರಳ ತುದಿ ಹಳದಿಯಾಗಿತ್ತು. "ಏನೇ ಅದು?" ಎಂದು ಕೇಳಿದ್ದೆ. "ಬಟ್ಟೆ ಬಣ್ಣ ಬಿಡ್ತು," ಎಂದಿದ್ದಳು. ಇವತ್ತು ಬಸ್ಸಿನಲ್ಲಿ ನೆನಪಾಯಿತು. ಆ ವಾರ ಪೂರ್ತಿ ನಾವು ಹೊಲಿದದ್ದು ಬಿಳಿ ಕೋಟುಗಳನ್ನೇ. ತನ್ನದೇ ಅಸಲಿ ಎಂದು ಬಿಚ್ಚಿ ನೋಡಿ, ತಿಳಿದುಕೊಂಡೇ ಸುರಿದಿದ್ದಳು.

ನಾಳೆ ಅವಳ ಮೆಷಿನ್‌ಗೆ ಹೊಸಬಳು ಬರುತ್ತಾಳೆ. ಕೆಲಸ ತೋರಿಸಿಕೊಡಲು ನನಗೆ ಹೇಳಿದ್ದಾರೆ.