ತಲೆಗೆ ಎಣ್ಣೆ ಹಚ್ಚಬಾರದು

ಜುಲೈ 12, ಶನಿವಾರ

ಇಡ್ಲಿ. ಅತ್ತೆಯ ಬಿಪಿ ಮಾತ್ರೆ. ತೇಜಸ್‌ನ ನೀಲಿ ಶರ್ಟು — ಹೊರಗೆ ಹೋಗೋಕೆ ಅದೊಂದೇ ಆಗಬೇಕು, ಒಣಗಿರಲಿಲ್ಲ, ಇಸ್ತ್ರಿಪೆಟ್ಟಿಗೆಯಲ್ಲೇ ಒಣಗಿಸಿದೆ. ಸೆಕೆಂಡ್ ಸ್ಯಾಟರ್ಡೇ, ಬ್ಯಾಂಕಿಗೆ ರಜ. ನನಗೆಲ್ಲಿ ರಜ. ಮಾಧವರಂನಿಂದ ತ್ರಿಪ್ಲಿಕೇನ್‌ವರೆಗೆ ಆಟೋ, ಅಲ್ಲಿ ಲ್ಯಾಬ್. ಆಟಿಸಂ ಇರೋ ಹರೆಯದ ಮಕ್ಕಳು ಮುಖಗಳನ್ನ ನೋಡಿದಾಗ ಮೆದುಳು ಏನು ಮಾಡುತ್ತೆ ಅಂತ ಸ್ಟಡಿ. ತೇಜಸ್‌ಗೆ ಹದಿನೈದು. ನನ್ನ ಮುಖ ನೆಟ್ಟಗೆ ನೋಡಿ ಎಷ್ಟು ಕಾಲವಾಯ್ತೋ, ಅದನ್ನ ಯಾರೂ ಸ್ಟಡಿ ಮಾಡಿಲ್ಲ.

ಇವತ್ತು ಬರೀ ಟ್ರಯಲ್. ತಲೆಗೆ ವೈರಿನ ಟೋಪಿ, ಕೂದಲೊಳಗೆ ಜೆಲ್. ಮನಸ್ಸಲ್ಲೇ ನಕ್ಕೆ. ಈ ತಲೆ ಮುಟ್ಟೋಕಾಗುತ್ತಾ? ಕಟಿಂಗ್ ಅಂದ್ರೆ ಇವರು ಕೈ ಹಿಡೀಬೇಕು, ನಾನು ಕಾಲು. ಶನಿವಾರದ ಎಣ್ಣೆ ಸ್ನಾನ ಯಾವತ್ತೋ ಬಿಟ್ಟುಹೋಯ್ತು.

ರಿಸರ್ಚ್ ಅಸಿಸ್ಟೆಂಟ್ ಹೆಸರು ಶ್ರೀಯಾ. ಚಿಕ್ಕ ಹುಡುಗಿ. ಜೆಲ್ಲನ್ನ ಮೊದಲು ತನ್ನ ಕೈಗೆ ಹಚ್ಚಿಕೊಂಡಳು. ಆಮೇಲೆ ಅವನ ಕೈಗೆ. ಆಮೇಲೆ "ತೇಜಸ್, ತಲೈಲ ವೆಕ್ಕಲಾಮಾ?" — ತಲೆಗೆ ಹಚ್ಚಲಾ ಅಂತ ತಮಿಳಲ್ಲಿ ಕೇಳಿ ಸುಮ್ಮನೆ ಕೂತಳು. ಎಷ್ಟೋ ಹೊತ್ತು.

"ಸರಿ" ಅಂದ. ತಲೆ ಬಗ್ಗಿಸಿದ. ಅವನಾಗೇ.

ಖುಷಿ ಆಗಬೇಕಿತ್ತು ನನಗೆ. ಮೈಯೆಲ್ಲ ಉರೀತು.

ಜುಲೈ 26, ಶನಿವಾರ

ಮೊದಲ ರೆಕಾರ್ಡಿಂಗ್ ಮುಗೀತು. ಚೆನ್ನಾಗಿ ಬಂತಂತೆ. ಮುಗಿದ ಮೇಲೆ ಶ್ರೀಯಾ ಬಿಸಿನೀರಲ್ಲಿ ಅವನ ತಲೆ ತೊಳೆದಳು, ಇವನು ಕಣ್ಣು ಮುಚ್ಚಿಕೊಂಡು ಹಾಯಾಗಿ ಕೂತಿದ್ದ. ಗಾಜಿನ ಆಚೆ ನಾನು, ಟವೆಲ್ ಹಿಡಕೊಂಡು, ಆಯಾ ಥರ. ಹೊರಡುವಾಗ ಅವಳಿಗೆ "ಅಕ್ಕಾ, ಬೈ" ಅಂದ. ನಮ್ಮ ಮನೆಗೆ ಬಂದ ಒಬ್ಬರಿಗೂ ಇವನು ಬೈ ಅಂದಿಲ್ಲ.

"ತುಂಬಾ ಸ್ವೀಟ್ ಆಂಟಿ ನಿಮ್ಮ ಮಗ" ಅಂದಳು. ನನಗೇ ಹೇಳ್ತಾಳೆ. ಎರಡು ವಾರಕ್ಕೊಂದು ಸಲ ಸ್ವೀಟಾಗಿರೋಕೆ ಯಾರಿಗೇನು ಕಷ್ಟ. ಕೊಯಂಬೇಡು ಬಸ್ ಸ್ಟ್ಯಾಂಡಲ್ಲಿ ನೆಲಕ್ಕೆ ಬಿದ್ದು ಕಿರುಚುವಾಗ ಬರಲಿ ನೋಡೋಣ.

ಮುಂದಿನದು ಒಂಬತ್ತನೇ ತಾರೀಕು. ಹಿಂದಿನ ದಿನ ಬರೀ ಶಾಂಪೂ, ಎಣ್ಣೆ ಹಚ್ಚಲೇಬಾರದು, ಸಿಗ್ನಲ್ ಬರಲ್ಲ ಅಂತ ಎರಡೆರಡು ಸಲ ಹೇಳಿದಳು. ಎರಡನೇ ರೆಕಾರ್ಡಿಂಗ್ ಕೆಟ್ಟರೆ ಮೊದಲನೇದೂ ವೇಸ್ಟ್. ಸ್ಟಡಿಯಿಂದ ಅವನ ಹೆಸರು ತೆಗೀತಾರಂತೆ.

ಆಗಸ್ಟ್ 2

ವಾರವೆಲ್ಲ ಅದೇ ಜಪ. ಶ್ರೀಯಾ ಅಕ್ಕಾ, ಟೋಪಿ, ಶ್ರೀಯಾ ಅಕ್ಕಾ. ಕ್ಯಾಲೆಂಡರಲ್ಲಿ ಒಂಬತ್ತರ ಮೇಲೆ ಬೆರಳಿಟ್ಟು ನಿಂತಿರ್ತಾನೆ.

ಇವರು ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡ ಓದೋಕೆ ಬರಲ್ಲ. ಅತ್ತೆಗೆ ಅಕ್ಷರ ಕಾಣಲ್ಲ. ಅದಕ್ಕೇ ಧೈರ್ಯವಾಗಿ ಬರೀತೀನಿ. ಆ ಹುಡುಗಿ ಕಂಡ್ರೆ ನನಗೆ ಹೊಟ್ಟೆಕಿಚ್ಚು.

ಆಗಸ್ಟ್ 8, ಶುಕ್ರವಾರ, ಸಂಜೆ

ಮಗುವಿನ ತಲೆ ತೆಂಗಿನ ನಾರಾಗಿದೆ ಅಂತ ಅತ್ತೆಯ ಗೊಣಗಾಟ. ಕೊಬ್ಬರಿ ಎಣ್ಣೆ ಬಿಸಿ ಮಾಡಿದೆ. ಸುಮ್ಮನೆ ನೋಡೋಣ ಅಂತ. ನನ್ನ ಅಂಗೈಗೆ ಸವರಿಕೊಂಡೆ. ಅವನ ಅಂಗೈಗೆ ಸವರಿದೆ. "ತೇಜಸ್, ತಲೆಗೆ ಹಚ್ಚಲಾ?"

ಆಮೇಲೆ ಸುಮ್ಮನಿರಬೇಕಲ್ಲ, ಅದೇ ಕಷ್ಟ. ಇಷ್ಟು ವರ್ಷ ಹಿಂದಿನಿಂದ ಹೋಗಿ ಗಬಕ್ಕಂತ ಹಿಡಿದದ್ದೇ ಹಿಡಿದದ್ದು. ಒಂದು ಸಲ ಕೇಳಿದವಳಲ್ಲ.

"ಸರಿ" ಅಂದ.

ಕೂದಲು ಎಷ್ಟು ಮೆತ್ತಗಿದೆ... ಎಡಗಿವಿ ಹಿಂದೆ ಮಚ್ಚೆ ಇತ್ತು, ಹಾಗೇ ಇದೆ. ಬಟ್ಟಲು ಖಾಲಿ ಆಗೋವರೆಗೂ ಹಚ್ಚಿದೆ.

ನಾಳೆ ಏನಿದೆ ಅನ್ನೋದು ಮರೆತೇಹೋಗಿತ್ತು ಅಂತ ಬರೆಯೋಕೆ ಹೊರಟೆ. ಮರೆತಿರಲಿಲ್ಲ.

ಆಗಸ್ಟ್ 9

ಬೆಳಿಗ್ಗೆ ಶಾಂಪೂ ಹಾಕಿದೆ. ಜಿಡ್ಡು ಹೋಗಲಿಲ್ಲ. ಸ್ಕ್ರೀನ್ ಮೇಲೆ ಗೆರೆಗಳೆಲ್ಲ ಗೀಚಿದ ಹಾಗೆ. ಶ್ರೀಯಾ ಬಗ್ಗಿ ಮೂಸಿದಳು. "ಆಂಟಿ... ಆಯಿಲಾ?"

"ನಮ್ಮತ್ತೆ ಹಚ್ಚಿಬಿಟ್ರಮ್ಮ. ವಯಸ್ಸಾದವರು, ಏನು ಹೇಳೋದು" ಅಂದೆ. ಹೇಗೆ ಬಂತೋ ಬಾಯಿಗೆ.

ತೇಜಸ್ ಸ್ಕ್ರೀನ್ ನೋಡ್ತಲೇ ಹೇಳಿದ, ತಮಿಳಲ್ಲಿ, ಒಂದೊಂದೇ ಮಾತು. ಅಜ್ಜಿ ಅಲ್ಲ. ಅಮ್ಮ ಕೇಳಿದಳು. ನಾನು ಸರಿ ಅಂದೆ.

ಇಷ್ಟುದ್ದ ಮಾತಾಡಿದ್ದು ಅಪರೂಪ. ಅದರಲ್ಲಿ ನನ್ನ ಮೇಲೆ ದೂರು ಇರಲಿಲ್ಲ, ನಡೆದದ್ದು ಹೇಳಿದ ಅಷ್ಟೇ. ಶ್ರೀಯಾ ನನ್ನ ಮುಖ ನೋಡಿದಳು. ಬೈದಿದ್ರೆ ವಾಸಿ ಇತ್ತು. ಟೋಪಿ ತೆಗೆದಿಟ್ಟಳು.

ಮನೆ ಮುಟ್ಟೋವರೆಗೂ ಆಟೋದಲ್ಲಿ "ಟೋಪಿ? ಟೋಪಿ?"

ಆಗಸ್ಟ್ 16

ಊಟ ಸರಿಯಾಗಿ ಮಾಡ್ತಿಲ್ಲ. ಅತ್ತೆಯ ಪ್ಲಾಸ್ಟಿಕ್ ಸ್ನಾನದ ಟೋಪಿ ಹಾಕ್ಕೊಂಡು ಆಫ್ ಆಗಿರೋ ಟಿವಿ ಮುಂದೆ ಕೂತಿರ್ತಾನೆ. ನೋಡೋಕಾಗಲ್ಲ.

ಆಗಸ್ಟ್ 18

ಶ್ರೀಯಾ ಮೆಸೇಜ್. ಲ್ಯಾಬಿನ ಸರ್ ಹತ್ತಿರ ಮಾತಾಡಿದಳಂತೆ, ಇನ್ನೊಂದು ಚಾನ್ಸ್ ಕೊಡ್ತಾರೆ. ಇಪ್ಪತ್ಮೂರು, ಬೆಳಿಗ್ಗೆ ಹತ್ತಕ್ಕೆ. ಇದೇ ಕೊನೇದು. ಪ್ಲೀಸ್ ಆಂಟಿ.

ರಿಪ್ಲೈ ಮಾಡಿಲ್ಲ. ತೇಜಸ್‌ಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಹೇಳದಿದ್ರೆ ಏನಾಗುತ್ತೆ? ಸ್ವಲ್ಪ ದಿನ ಹೀಗಿರ್ತಾನೆ. ಮರೀತಾನೆ. ಆಮೇಲೆ ನನ್ನವನು.

ಆಗಸ್ಟ್ 20

ಇನ್ನೂ ಮಾಡಿಲ್ಲ. ಅವಳು ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಆಗಸ್ಟ್ 22, ಶುಕ್ರವಾರ, ಸಂಜೆ

ಬ್ಯಾಂಕಿಂದ ಬಂದು ಇನ್ನೂ ಕಾಲು ತೊಳೆದಿರಲಿಲ್ಲ. ತೇಜಸ್ ಎಣ್ಣೆ ಬಟ್ಟಲು ತಂದು ನನ್ನ ಮುಂದಿಟ್ಟ. ಯಾರೂ ಹೇಳಿಕೊಟ್ಟಿಲ್ಲ. ತನ್ನ ಅಂಗೈಗೆ ಒಂಚೂರು ಸವರಿಕೊಂಡ. ನನ್ನ ಅಂಗೈಗೆ ಒಂಚೂರು. "ಅಮ್ಮ, ವೆಕ್ಕಲಾಮಾ?" ಅಂತ ಕೇಳಿ ನೆಲದ ಮೇಲೆ ಕೂತು ತಲೆ ಬಗ್ಗಿಸಿದ.

ಅವಳ ಮಾತು. ಅವಳದೇ ಧಾಟಿ. ಆದ್ರೆ ತಲೆ ನನ್ನ ಮುಂದೆ. ಕೈ ಬಟ್ಟಲಿಗೆ ಹೋಯ್ತು, ಸುಳ್ಳು ಯಾಕೆ ಹೇಳಲಿ. ಹಚ್ಚಿದ್ರೆ ಅಲ್ಲಿಗೆ ಎಲ್ಲ ಮುಗೀತಿತ್ತು. ನಾನು ಏನೂ ಮಾಡಿದ ಹಾಗೂ ಆಗ್ತಿರಲಿಲ್ಲ, ಅವನೇ ಕೇಳಿದ್ದು.

"ಇವತ್ತು ಬೇಡ ಕಂದಾ" ಅಂದೆ. "ನಾಳೆ ಶ್ರೀಯಾ ಅಕ್ಕನ ಹತ್ರ ಹೋಗ್ಬೇಕು. ಹೋಗೋಣ್ವಾ?"

ತಲೆ ಎತ್ತಿದ. ನಕ್ಕ. ಆ ನಗು ಯಾರಿಗೆ ಅಂತ ನನಗೆ ಗೊತ್ತಿಲ್ವಾ. ಹೊಟ್ಟೆ ಉರೀತು. ಉರೀಲಿ. ಬರ್ತೀವಿ ಅಂತ ಮೆಸೇಜ್ ಹಾಕಿದೆ, ಎಣ್ಣೆ ಹಚ್ಚಿದ್ದು ನಾನೇ ಅಂತಲೂ ಹಾಕಿದೆ.

ಈಗ ಬಟ್ಟಲು ಒಳಗಿಡೋಕೆ ಹೋದ್ರೆ ಬಿಡ್ತಿಲ್ಲ ಇವನು. ಸೆರಗು ಹಿಡಕೊಂಡಿದಾನೆ. ನಾಳಿದ್ದು ಎಣ್ಣೆ, ಅಮ್ಮ ನಾಳಿದ್ದು, ಅಂತ—