ಕೊಹಿನೂರದ ಅನಿಲ

ಬಸವಕಲ್ಯಾಣ
೧೨ ಫೆಬ್ರುವರಿ ೨೦೨೫

ಗೆಳೆಯ ಅಜೀತ,

ಸಲಾಂ, ಜೈಭೀಮ್. ಲಾತೂರಿನ ಹವಾ ನಿನಗೆ ಒಗ್ಗಿದೆ ಎಂದುಕೊಳ್ಳುತ್ತೇನೆ. ಕಾಗದ ತಡವಾಯಿತು, ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ. ನೀನಂತೂ ಫೋನ್ ಎತ್ತುವುದಿಲ್ಲ. ಬಾವಿ ಕೊರೆಯುವ ಕಂಪನಿಯ ಆಫೀಸು, ಗದ್ದಲ ಬಹಳ ಇರಬಹುದು. ನಮ್ಮ ಮನೆಯಲ್ಲಿ ಎಲ್ಲರೂ ಆರಾಮ. ಅಬ್ಬಾ ಹೊಲಿಗೆ ಅಂಗಡಿಗೆ ಹೊಸ ಬೋರ್ಡು ಹಾಕಿಸಿದ್ದಾರೆ, ಅದರಲ್ಲಿ ನಾನು ತಿದ್ದಿದ ಕಾಗುಣಿತವೇ ತಪ್ಪಾಗಿದೆ. ಕೊಹಿನೂರದಲ್ಲಿ ನಿಮ್ಮ ಹೊಲದ ಜೋಳ ಹಾಲುಗಟ್ಟಿದೆ.

ಇವತ್ತು ನಿನ್ನ ಅವ್ವ ದ್ರೌಪತಿಯ ಬಗ್ಗೆ ಬರೆಯಬೇಕು. ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಹಿಂದೆ ಕೂತು ಕರಪತ್ರ ಓದುತ್ತ ಜನತೆ, ಹಕ್ಕು, ಹೋರಾಟ ಎಂದು ಚೀರಾಡುತ್ತಿದ್ದೆವಲ್ಲ, ಆ ಮಾತುಗಳಿಗೆ ಒಂದು ಮುಖವೂ ಇರುತ್ತದೆ ಎಂದು ನನಗೆ ತಿಳಿದದ್ದು ಈಗ.

ದೀಪಾವಳಿ ಕಳೆದ ಮೇಲೆ ಕಾಶಿರಾಮ ಎಂಬ ಏಜೆಂಟ್ ನಿಮ್ಮೂರಿಗೆ ಬಂದ. ನೆಲದಡಿ ಗ್ಯಾಸ್ ಇದೆ, ಕಂಪನಿ ಬಾವಿ ಕೊರೆಯುತ್ತದೆ, ಮೊದಲು ಹೊಲ ಬರೆದುಕೊಟ್ಟವರ ಮನೆಗೊಂದು ನೌಕರಿ ಎಂದ. ಕೊರೆಯುವ ಯಂತ್ರದ ಲಾರಿಯೊಂದನ್ನು ಊರ ಹೊರಗೆ ತಂದು ನಿಲ್ಲಿಸಿದ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅವನಿಗೆ ಮೊದಲು ಬೇಕಾದದ್ದು ರಸ್ತೆಗೆ ಹತ್ತಿದ ನಿಮ್ಮ ಹೊಲವೇ. ಅವ್ವ ನನ್ನನ್ನು ಕರೆಸಿ, ಇದು ಖರೇನೋ ಸುಳ್ಳೋ ತಿಳಿಯುವುದು ಹೇಗೆ ಎಂದಳು.

ನಾನು ಕೂಡಲೇ ತಹಸೀಲ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದೆ. ನನ್ನ ಕನ್ನಡ ನಿನಗೆ ಗೊತ್ತಲ್ಲ. ಗ್ಯಾಸ್ ಎಂದು ಬರೆಯಲು ನಾಚಿ, "ಕೊಹಿನೂರ ಶಿವಾರದ ಅನಿಲ ಬಾವಿಯ ಸಂಪೂರ್ಣ ವಿವರ ಒದಗಿಸಿ" ಎಂದೆ. ಉತ್ತರ ಬಂತು: ಅನಿಲ ಎಂಬ ಖಾತೆದಾರ ಈ ಗ್ರಾಮದಲ್ಲಿ ಇಲ್ಲ, ಸದರಿಯವರ ತಂದೆಯ ಹೆಸರು ಮತ್ತು ಸರ್ವೆ ನಂಬರ್ ತಿಳಿಸಿ. ನಾನು ಸಿಟ್ಟಿನಿಂದ ಕುದಿಯುತ್ತಿದ್ದರೆ ನಿನ್ನ ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಹೆಸರು ಛಲೋ ಇಟ್ಟೀದಿ ತಬಸ್ಸುಮ. ಅವನ ಮದವಿ ಆಗ್ಯಾದೇನು ಅಂತನೂ ಕೇಳ್ಯಾರೇನ್ ನೋಡು."

ಮರುದಿನ ಅವಳೇ ನನ್ನನ್ನು ಹುಮನಾಬಾದಿಗೆ ಎಳೆದುಕೊಂಡು ಹೋದಳು, ಮಹಾರುದ್ರಪ್ಪನ ಇಂಟರ್‌ನೆಟ್ ಅಂಗಡಿಗೆ. ಅಜೀತ, ಎಲ್ಲವೂ ಬಹಿರಂಗವಾಗಿಯೇ ಇದೆ. ದೇಶದಲ್ಲಿ ಎಲ್ಲೆಲ್ಲಿ ಗ್ಯಾಸ್ ಬಾವಿಗಳಿವೆ, ಕೊರೆಯುವ ಯಾವ ಯಂತ್ರ ಈಗ ಅಸ್ಸಾಮಿನಲ್ಲಿದೆ, ಯಾವುದು ಸಮುದ್ರದ ನಡುವೆ ನಿಂತಿದೆ, ಎಲ್ಲವೂ. ಕೇಳುವವರಿಲ್ಲ, ಅಷ್ಟೇ. ನಕ್ಷೆಯಲ್ಲಿ ನಮ್ಮ ಜಿಲ್ಲೆಯ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ. ಗೆದ್ದೆವು ಎಂದು ನಾನು ಎದ್ದು ನಿಂತೆ. ಅವ್ವ ಏಳಲಿಲ್ಲ. ಚುಕ್ಕಿ ಇಲ್ಲ ಎಂದರೆ ಬಾವಿ ಇಲ್ಲವೋ, ಇಲ್ಲಾ ಇನ್ನೂ ಬರೆದಿಲ್ಲವೋ ಎಂದು ಕೇಳಿದಳು. ಪೂರ್ತಿ ತಿಳಿಯದೆ ಒಬ್ಬನನ್ನು ಸುಳ್ಳ ಎನ್ನಬಾರದಂತೆ. ತನ್ನ ಹೊಲ ನುಂಗಲು ಬಂದವನಿಗೂ ಅನ್ಯಾಯವಾಗಬಾರದು ಎನ್ನುವ ಈ ಬುದ್ಧಿ ನಾವು ಓದಿದ ಯಾವ ಕರಪತ್ರದಲ್ಲಿತ್ತು ಹೇಳು.

ದೆಹಲಿಯ ಪೆಟ್ರೋಲಿಯಂ ಇಲಾಖೆಗೇ ಅರ್ಜಿ ಹಾಕಿದೆವು. ಈ ಸಲ ಗ್ಯಾಸ್ ಎಂದೇ ಬರೆದೆ. ಈ ಜಿಲ್ಲೆಯಲ್ಲಿ ಬಾವಿ ಇರಲಿ, ಹುಡುಕುವುದಕ್ಕೂ ಯಾರಿಗೂ ಪರವಾನಿಗೆ ಕೊಟ್ಟಿಲ್ಲ ಎಂದು ಉತ್ತರ ಬಂತು.

ಕಳೆದ ರವಿವಾರ ಸಮಾಜ ಮಂದಿರದಲ್ಲಿ ಹೊಲದ ಕರಾರಿಗೆ ಹೆಬ್ಬೆಟ್ಟು ಒತ್ತಿಸುವ ಕಾರ್ಯಕ್ರಮ. ಶಾಯಿಯ ಡಬ್ಬಿ ತೆರೆದಿತ್ತು. ನಾನು ಎದ್ದು ದೆಹಲಿಯ ಉತ್ತರ ಓದಿದೆ. ಕರಪತ್ರ ಹಂಚುವ ಈ ಹುಡುಗಿಯ ಮಾತು ಕೇಳಿ ಮಗನ ನೌಕರಿ ಕಳೆದುಕೊಳ್ಳುತ್ತೀರೇನು ದ್ರೌಪತಿಬಾಯಿ ಎಂದು ಕಾಶಿರಾಮ ಹಂಗಿಸಿದ. ಕಂಪನಿಯ ಸಾಹೇಬನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟ. ಸಾಹೇಬ ಪುಸ್ತಕದ ಕನ್ನಡದಲ್ಲಿ, ಅನಿಲ ನಿಕ್ಷೇಪ ಖಚಿತವಾಗಿದೆ, ತಾವು ನಿಶ್ಚಿಂತೆಯಿಂದಿರಿ ಎಂದ. ಜನ ತಲೆದೂಗಿದರು. ಅವ್ವ ತಲೆ ತಗ್ಗಿಸಿ ಕೂತುಬಿಟ್ಟಳು. ಹೊಲ ಹೋಯಿತು ಎಂದುಕೊಂಡೆ. ಆಮೇಲೆ ಅವಳು ಮೆಲ್ಲಗೆ ಎದ್ದು ಹೋಗಿ ಶಾಯಿಯ ಡಬ್ಬಿಯ ಮುಚ್ಚಳ ಹಾಕಿದಳು.

"ಕಾಶಿರಾಮಪ್ಪಾ, ನಿಮ್ಮ ಅನಿಲನ್ನ ಊರಿಗೆ ಕರಕೊಂಡ ಬರ್ರಿ. ಇಲ್ಲೇ ನಿಂತು ಅವನ ಅಪ್ಪನ ಹೆಸರು ಹೇಳ್ಲಿ, ಸರ್ವೆ ನಂಬರ್ ಹೇಳ್ಲಿ. ಆಮ್ಯಾಗ ಒತ್ತತೇನಿ."

ನನ್ನ ಅರ್ಜಿಯ ಕಥೆ ಊರಿಗೆಲ್ಲ ಗೊತ್ತಿತ್ತು. ಮೊದಲು ಹೆಂಗಸರು ನಕ್ಕರು, ಆಮೇಲೆ ಮಂದಿರವೇ ನಕ್ಕಿತು. ಒಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ. ಸಂಜೆಯೊಳಗೆ ಲಾರಿಯೂ ಹೋಯಿತು. ಭಾಷಣ ಮಾಡಲು ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ, ಅದು ಹಾಗೇ ಉಳಿಯಿತು. ಅವಳಂಥವರ ಹಿಂದೆ ಜೋಳಿಗೆ ಹಿಡಿದು ನಡೆದರೂ ನನ್ನ ಜನ್ಮ ಸಾರ್ಥಕ.

ಹೊಲ ಉಳಿದಿದೆ. ತೆನೆ ಬಲಿಯುವ ಮೊದಲು, ಸುಟ್ಟ ಎಳೆ ಜೋಳದ ಸೀತನಿ ತಿನ್ನಲು ಬಾ ಎಂದಿದ್ದಾಳೆ. ಬುದ್ಧ ನಿನಗೆ ಒಳ್ಳೆಯದು ಮಾಡಲಿ ಎಂದು ಅವಳು, ಅಲ್ಲಾಹ್ ನಿನ್ನನ್ನು ಕಾಯಲಿ ಎಂದು ನಾನು.

ನಿನ್ನ ಗೆಳತಿ,
ತಬಸ್ಸುಮ

ತಾ.ಕ.: ಫೋನಿನಲ್ಲಿ ಮಾತಾಡಿದ ಆ ಸಾಹೇಬ ನೀನೇ ಎಂದು ನನಗೆ ಮೊದಲ ಮಾತಿಗೇ ತಿಳಿಯಿತು. 'ನಿಶ್ಚಿಂತೆ' ಎಂಬ ಶಬ್ದ ನಾವಿಬ್ಬರೂ ಕೂಡಿ ಕಲಿತದ್ದು. ಅವ್ವನಿಗೆ ಗೊತ್ತಾಗಿಲ್ಲ ಎಂದುಕೊಂಡು, ಮನೆಯ ದಾರಿಯಲ್ಲಿ ನಾನು ಸುಮ್ಮನಿದ್ದೆ. ಅವಳೇ ಬಾಯಿ ಬಿಟ್ಟಳು. "ಆ ಸಾಹೇಬಗ ನೆಗಡಿ ಆದಂಗಿತ್ತು. ಅಜೀತಗ ಕಾಗದ ಬರೀವಾಗ, ಬಿಸಿನೀರು ಕುಡಿ ಅಂತ ಬರಿ."