ತಾತ್ಕಾಲಿಕ ತಂತಿ ಹಾಕಿದವರಿಗೆ

ಕೆಂಪುದಿನ್ನಿ ನಗರ ನೀರು ಮಂಡಳಿ
ವಿದ್ಯುತ್ ಮತ್ತು ಮಾಪಕ ವಿಭಾಗ
ಕ್ರಿ.ಶ. ೨೧೯೩, ಕಾಯುತಿಂಗಳ ನಲವತ್ತೊಂದನೆಯ ದಿನ

ಮಾನ್ಯ ಗುರುಬಸಪ್ಪನವರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಹನ್ನೆರಡೇ ತಿಂಗಳಿದ್ದವಂತೆ. ನಮಗೆ ಮೇ ಮುಗಿದ ಕೂಡಲೇ ಜೂನ್ ಬರುವುದಿಲ್ಲ. ಹೊಳೆಗೆ ನೀರು ಬರುವ ತನಕ ಕಾಯುತಿಂಗಳು ನಡೆಯುತ್ತದೆ, ಅದಕ್ಕೆ ಇಷ್ಟೇ ದಿನ ಎಂಬ ನಿಯಮವಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಟಪಾಲಿನವನು ನಮ್ಮಲ್ಲಿಯೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬೈಯುವುದಕ್ಕೆ ನನಗೆ ಬೇರೆ ಯಾರೂ ಉಳಿದಿಲ್ಲ. ಕ್ಷಮೆ ಕೇಳಿದ್ದು ಮಾತಿನ ವಿಚಿತ್ರಕ್ಕೆ ಮಾತ್ರ, ಬೈಗುಳಕ್ಕಲ್ಲ.

ನಾನು ಮಹಾನಂದಾ ಹೂಗಾರ. ನೀವು ಯಾವ ಖುರ್ಚಿಯಲ್ಲಿ ಕೂತಿದ್ದಿರೋ ಅದೇ ಖುರ್ಚಿಯಲ್ಲಿ ಈಗ ಹನ್ನೊಂದು ವರ್ಷದಿಂದ ಕೂತಿದ್ದೇನೆ. ನನ್ನ ಕೈಕೆಳಗೆ ಒಂಬತ್ತು ಜನ, ಎರಡು ದೊಡ್ಡ ಮೋಟರು, ನಲವತ್ತೆರಡು ಮಾಪಕ. ಮಾಪಕಗಳಲ್ಲಿ ಹತ್ತೊಂಬತ್ತು ಬದುಕಿವೆ. ಕ್ಲೋರಿನ್ ಅಳೆಯುವ ಯಂತ್ರ ನನ್ನ ಅಜ್ಜಿಯ ಕಾಲದಲ್ಲೇ ಸತ್ತಿತು. ಈಗ ಆ ಕೆಲಸಕ್ಕೆ ಮೂಗಾಳು ಎಂಬ ಹುದ್ದೆಯಿದೆ, ನೀರು ಮೂಸಿ ನೋಡಿ ಹೆಚ್ಚೋ ಕಡಿಮೆಯೋ ಹೇಳುವವನು. ನೆಗಡಿಯಾದರೆ ಅವನಿಗೆ ರಜೆ, ಊರಿಗೆ ಭೇದಿ. ಪಂಪು ನಡೆಯುವುದು ಬಿಸಿಲುಪಾಳಿಯಲ್ಲಿ, ಅಂದರೆ ಬೆಳಿಗ್ಗೆ ಹತ್ತರಿಂದ ಮೂರರವರೆಗೆ, ಸೂರ್ಯನ ಕರೆಂಟು ಗಟ್ಟಿಯಾಗಿರುವಾಗ. ಹೊಸ ಮೋಟರು ಎಲ್ಲಿಯೂ ಹುಟ್ಟುವುದಿಲ್ಲ. ಸುಟ್ಟರೆ ಮೂರು ತಿಂಗಳು ಕೂತು ಕೈಯಿಂದ ತಾಮ್ರ ಸುತ್ತಬೇಕು, ಆ ಮೂರು ತಿಂಗಳಲ್ಲಿ ಮೇಲಿನ ಓಣಿಗಳಲ್ಲಿ ಮಕ್ಕಳು ಸಾಯುತ್ತವೆ. ಹಾಗಾಗಿ ನಮ್ಮ ಕಾನೂನುಗಳು ಬಹಳ ಬಿಗಿ.

ನೆಲದೊಳಗಿನ ನೀರಿನ ತೊಟ್ಟಿಯನ್ನು ನೀವು ಬಲ್ಲಿರಿ. ಅದರೊಳಗೆ ತೇಲುಗುಂಡು. ನೀರು ತಳ ಮುಟ್ಟಿದರೆ ಗುಂಡು ಕೆಳಗಿಳಿಯಬೇಕು, ಪ್ಯಾನೆಲ್ಲಿನ ಹಸಿರು ದೀಪ ಆರಬೇಕು, ಪಂಪು ತಾನೇ ನಿಲ್ಲಬೇಕು. ನೀರು ಕದಿಯುವವರ, ವಿಷ ಹಾಕುವವರ ಭಯಕ್ಕೆ ತೊಟ್ಟಿಯ ಮುಚ್ಚಳಕ್ಕೆ ಸೀಲು ಹಾಕಿ ತಲೆಮಾರುಗಳೇ ಆದವು. ಒಳಗೆ ನೀರಿದೆಯೇ ಇಲ್ಲವೇ ಎಂದು ಹೇಳುವುದು ದೀಪವೊಂದೇ. ಅದು ನಮ್ಮಲ್ಲಿ ಕೋರ್ಟಿನ ಸಾಕ್ಷಿ. ದೀಪ ಹಸಿರಿದ್ದಾಗ ಪಂಪು ನಿಲ್ಲಿಸಿದವರಿಗೆ ನೀರ್ತಡೆಯ ಅಪರಾಧ, ಶಿಕ್ಷೆ ಅಗಸಿಯಾಚೆ: ಒಂದು ಕೊಡ ನೀರು ಕೊಟ್ಟು ಊರಬಾಗಿಲು ಮುಚ್ಚುವುದು. ಆಚೆ ಮೂರು ದಿನದ ದಾರಿಯವರೆಗೂ ನಲ್ಲಿಯಿಲ್ಲ. ದೀಪ ಸರಿಯಿದೆಯೆಂದು ಪ್ರತಿ ಹದಿನೈದು ದಿನಕ್ಕೊಮ್ಮೆ ತಪಾಸಣೆ ಹಾಳೆಗೆ ರುಜು ಹಾಕುವ ಅಧಿಕಾರಿಗೆ ದೀಪಸಾಕ್ಷಿ ಎನ್ನುತ್ತಾರೆ. ಅದು ನಾನು.

ತಪಾಸಣೆ ಹೇಗೆ ನಡೆಯುತ್ತದೆಂದು ನಿಮಗೆ ಹೇಳಿಕೊಡಬೇಕೇ? ಹಿಂದಿನ ಹಾಳೆ ಮುಂದಿಟ್ಟುಕೊಂಡು ಹನ್ನೆರಡು ಕಾಲಮ್ಮು ನಕಲು ಮಾಡುವುದು, ಎಲ್ಲೋ ಒಂದೆರಡು ಅಂಕಿ ಆಚೆ ಈಚೆ ಮಾಡುವುದು, ‘ಎಲ್ಲವೂ ಸರಿ’ ಎಂದು ಬರೆದು ಚಹಾ ಕುಡಿಯುವುದು. ನನ್ನ ಗುರು ಅಡಿವೆಪ್ಪನವರು ನನಗೆ ಮೊದಲ ದಿನ ಕಲಿಸಿದ್ದೇ ಇದು. "ಪ್ಯಾನೆಲ್ ತಗೀಬ್ಯಾಡವಾ, ನಡ್ಯೂದು ನಡೀಲಿ" ಅಂದಿದ್ದರು. ನಾನು ಒಳ್ಳೆಯ ಶಿಷ್ಯೆ, ತೆಗೆಯಲಿಲ್ಲ.

ಫಕೀರವ್ವ ಹತ್ತೊಂಬತ್ತು ವರ್ಷ ಪಂಪು ನಡೆಸಿದವಳು. ಅಕ್ಷರ ಬಾರದು, ಕಿವಿ ಮಾತ್ರ ಭಾರಿ ಚುರುಕು. ಈ ಕಾಯುತಿಂಗಳ ಹನ್ನೆರಡನೆಯ ದಿನ, ಪಟಪಟ ಬಿಸಿಲಲ್ಲಿ, ದೀಪ ಹಸಿರು ಉರಿಯುತ್ತಿರುವಾಗಲೇ ಸ್ವಿಚ್ಚು ಇಳಿಸಿಬಿಟ್ಟಳು. ವಿಚಾರಣೆಯಲ್ಲಿ ಅವಳು ಹೇಳಿದ್ದು ಇಷ್ಟೇ: "ಪಂಪಿನ ಸದ್ದು ಬ್ಯಾರೆ ಆತ್ರೀ. ಒಣಾ ಗಾಳಿ ಎಳಿಯಾಕ ಹತ್ತಿತ್ತು. ಇನ್ನೊಂದ್ ಗಳಿಗಿ ಬಿಟ್ಟಿದ್ರ ಮೋಟರ್ ಸುಟ್ಟ ಬೂದಿ ಆಗ್ತಿತ್ತು." ದೀಪ ಹಸಿರಿತ್ತಲ್ಲ ಎಂದು ಕೇಳಿದರು. "ದೀಪ ಸುಳ್ಳ ಹೇಳ್ತೈತ್ರೀ" ಅಂದಳು. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹಾಳೆಯನ್ನು ಮುಂದಿಟ್ಟರು, ಎಂಟು ದಿನದ ಹಿಂದಷ್ಟೇ ಹಾಕಿದ ನನ್ನ ರುಜು ಅದರಲ್ಲಿತ್ತು. ಇದು ನಿಜವೇ ಎಂದರು. ನಿಜ ಎಂದೆ. ಅವಳು ನನ್ನನ್ನು ನೋಡಿದಳು, ನಾನು ಶಿಕ್ಷೆಗೆಂದು ಅಲ್ಲೇ ತುಂಬಿಟ್ಟಿದ್ದ ನೀರಿನ ಕೊಡದ ಕಡೆ ನೋಡಿದೆ. ಹದಿನೈದನೆಯ ದಿನ ಅಗಸಿಯ ಬಾಗಿಲು ಮುಚ್ಚಿತು.

ಇಪ್ಪತ್ತೇಳನೆಯ ದಿನ ದೀಪ ಒಮ್ಮೆ ಮಿಟುಕಿತು. ಜನ್ಮದಲ್ಲಿ ಅದು ಮಿಟುಕಿದ್ದನ್ನು ಯಾರೂ ಕಂಡಿರಲಿಲ್ಲ. ರಿಪೇರಿ ಮಾಡಲೆಂದು ಪ್ಯಾನೆಲ್ಲಿನ ಒಳಬಾಗಿಲನ್ನು ಮೊದಲ ಸಲ ತೆಗೆದೆ. ತೇಲುಗುಂಡಿನಿಂದ ಬರುವ ಎರಡು ತುದಿಗಳ ನಡುವೆ ಗೇಣುದ್ದದ ತಂತಿ. ಗುಂಡು ಮೇಲಿರಲಿ, ಕೆಳಗಿರಲಿ, ದೀಪಕ್ಕೆ ಹಸಿರೇ ಗತಿ. ತಂತಿಗೆ ಸುತ್ತಿದ ಚೀಟಿಯ ಮೇಲೆ ಚೀಟಿ, ಒಟ್ಟು ಆರು. ಎಲ್ಲಕ್ಕಿಂತ ಒಳಗಿನದು ನಿಮ್ಮದು: ‘ತಾತ್ಕಾಲಿಕ. ಹೊಸ ತೇಲುಗುಂಡಿಗೆ ಇಂಡೆಂಟ್ ಹಾಕಿದೆ, ಬಂದ ಮೇಲೆ ತೆಗೆಯುವುದು. ಗುರುಬಸಪ್ಪ, ೧೨-೩-೨೦೨೬.’ ನಿಮ್ಮ ಮೇಲೆ ನಾಲ್ವರು ತಂತಿ ಹಳೆಯದಾದಾಗೆಲ್ಲ ಹೊಸದು ಹಾಕಿ, ತಾತ್ಕಾಲಿಕ ಎಂದೇ ಬರೆದಿದ್ದರು. ಎಲ್ಲಕ್ಕಿಂತ ಮೇಲಿನದು ಅಡಿವೆಪ್ಪನವರ ಮುದ್ದಾದ ದುಂಡಕ್ಷರ. ನಿಮ್ಮೆಲ್ಲರ ಕೈ ಸೇದಿಹೋಗಲಿ!

ಮುಚ್ಚಳದ ಸೀಲು ಒಡೆದು ನೋಡಿದೆ. ಆಗ ಪಾಳಿ ಮುಗಿದಿತ್ತು, ತೊಟ್ಟಿ ಬರಿದೋ ಬರಿದು; ಮರುದಿನದ ಪಾಳಿಗೆ ರಾತ್ರಿಯಿಡೀ ಹೊಳೆಯ ಮರಳಿನಿಂದ ಜಿನುಗುವ ಒಸರೇ ಗತಿ. ಕೆಸರಿನಲ್ಲಿ ತೇಲುಗುಂಡು ಮಗ್ಗುಲಾಗಿ ಬಿದ್ದಿತ್ತು. ಹೊರಗೆ ಬಂದರೆ ದೀಪ ಹಸಿರು.

ಅಗಸಿಗೆ ಓಡಿದೆ. ಕಾವಲಿನ ಮುದಿಯಪ್ಪ ನನ್ನನ್ನು ಕಂಡು ಎದ್ದು ನಿಂತ. "ನಾಕನೇ ದಿನಕ್ಕ ತಿರುಗಿ ಬಂದಿದ್ಲರೀ. ಎರಡ ದಿನ ಬಾಗಲಾ ಬಡದ್ಲು. ‘ಮಹಾನಂದಕ್ಕಗ ಹೇಳ್ರಿ, ಒಮ್ಮೆ ಮುಚ್ಚಳಾ ತಗದು ನೋಡ್ಲಿ’ ಅಂತಿದ್ಲು. ಆಮ್ಯಾಲ ಬಡೀಲಿಲ್ಲ." ನನಗೇಕೆ ಹೇಳಲಿಲ್ಲ ಎಂದು ಅವನ ಮೇಲೆ ರೇಗಿದೆ. "ಹೇಳಿ ಕಳಿಸಿದ್ನಲ್ರೀ ಅಕ್ಕಾರ. ನೀವ ಕೆಲಸ ಐತಿ ಅಂದ್ರಂತ" ಅಂದ. ಹೌದು, ಅಂದಿದ್ದೆ. ಆ ಹೊತ್ತು ನಾನು ತಪಾಸಣೆ ಹಾಳೆ ನಕಲು ಮಾಡುತ್ತಿದ್ದೆ.

ಮಂಡಳಿಯ ಅಧ್ಯಕ್ಷರ ಮುಂದೆ ಆರೂ ಚೀಟಿ ಇಟ್ಟೆ. ಅವರು ಒಂದೊಂದನ್ನೂ ಓದಿ, ಮಡಚಿ, ಕಿಸೆಗೆ ಹಾಕಿಕೊಂಡರು. "ನೀರ ನಿಂತ್ರ ಮಂದಿ ತಡಕೋತಾರ. ದೀಪ ಸುಳ್ಳು ಅಂದ್ರ ತಡಕೊಳ್ಳಂಗಿಲ್ಲ. ಇಲ್ಲೀತನಕ ಅಗಸಿ ದಾಟಿಸಿದವ್ರನ್ನೆಲ್ಲಾ ಯಾರ ತಿರುಗಿ ಕರಕೊಂಡ ಬರ್ತಾರ? ಮತ್ತ ಸುಳ್ಳು ಸಾಕ್ಷಿಗೂ ಶಿಕ್ಷಾ ಅದ ಐತಿ, ನೆನಪೈತಲ್ಲ? ಪ್ಯಾನೆಲ್ ಮುಚ್ಚಿ ಬರ್ರಿ." ನೆನಪಿತ್ತು. ಹೆದರಿದೆ ಗುರುಬಸಪ್ಪನವರೇ, ನಾಚಿಕೆಯಿಲ್ಲದೆ ಹೇಳುತ್ತೇನೆ, ಹೆದರಿದೆ. ಹೋಗಿ ಹೊಸ ತಂತಿ ಹಾಕಿ ಗಟ್ಟಿಯಾಗಿ ತಿರುಪು ಬಿಗಿದೆ. ನಿಮ್ಮ ಹಾಗೆ ಚೀಟಿ ಕೂಡ ಅಂಟಿಸಲಿಲ್ಲ.

ಇನ್ನೊಂದು ಕಾನೂನನ್ನು ಹೇಳುವುದು ಉಳಿದಿದೆ. ಯಾರ ಸಾಕ್ಷಿಯಿಂದ ಪಂಪಿನ ಖುರ್ಚಿ ಖಾಲಿಯಾಯಿತೋ ಅವರ ಮನೆಯಿಂದಲೇ ಆ ಖುರ್ಚಿಗೆ ಆಳು ಕೊಡಬೇಕು. ಕಣ್ಣುಮುಚ್ಚಿ ಯಾರೂ ರುಜು ಹಾಕದಿರಲಿ ಎಂದು ದೊಡ್ಡವರು ಮಾಡಿದ ಕಾನೂನು. ನನಗಿರುವುದು ಒಬ್ಬಳೇ ಮಗಳು, ಸುಗಲಾ, ಇಪ್ಪತ್ನಾಲ್ಕು ವರ್ಷದವಳು. ಮೊದಲ ಹನ್ನೆರಡು ದಿನ ಬದಲಿ ಆಳು ಪಂಪು ನಡೆಸಿದ, ಈಗ ಹದಿಮೂರು ದಿನದಿಂದ ಅವಳು ಫಕೀರವ್ವನ ಖುರ್ಚಿಯಲ್ಲಿ ಕೂರುತ್ತಿದ್ದಾಳೆ. ನಿನ್ನೆ ಪಾಳಿ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಡದೆ ಕೇಳಿದಳು: "ಯವ್ವಾ, ಪಂಪಿನ ಸದ್ದು ಒಂಥರಾ ಒಣಾ ಅನಸ್ತೈತಿ. ನಿಂದರಸ್ಲೇನ?" ದೀಪ ನೋಡು, ಸದ್ದು ಕೇಳಬೇಡ ಎಂದು ಗದರಿದೆ. ಇವತ್ತು ಬೆಳಿಗ್ಗೆ ಅವಳ ರೊಟ್ಟಿಯ ಗಂಟಿನಲ್ಲಿ ಕಿವಿಗಿಟ್ಟುಕೊಳ್ಳಲು ಎರಡು ಉಂಡೆ ಹತ್ತಿ ಇಟ್ಟು ಕಳಿಸಿದೆ. ಈಗ ಹನ್ನೊಂದು ಗಂಟೆ. ಪಂಪು ನಡೆಯುತ್ತಿದೆ, ಇಲ್ಲಿಗೂ ಕೇಳಿಸುತ್ತಿದೆ.

ಅದಕ್ಕೇ ಕೇಳುತ್ತೇನೆ. ಈ ಕಾಗದ ನಿಮ್ಮ ಕೈಸೇರಿದ್ದರೆ ಓದುವುದನ್ನು ಬಿಟ್ಟು ಏಳಿ. ಹೋಗಿ ಆ ತಂತಿ ಕಿತ್ತುಹಾಕಿ. ದೀಪ ಆರುತ್ತದೆ, ಪಂಪು ನಿಲ್ಲುತ್ತದೆ, ಊರವರು ಖಾಲಿ ಕೊಡ ಹಿಡಿದು ಆಫೀಸಿಗೆ ಬಂದು ನಿಮ್ಮ ಹೆತ್ತವರನ್ನೆಲ್ಲ ಎತ್ತಿ ಬೈಯುತ್ತಾರೆ. ಬೈಸಿಕೊಳ್ಳಿ, ನಿಮ್ಮ ಕಾಲು ಹಿಡಿಯುತ್ತೇನೆ. ನನ್ನಿಂದ ಅದು ಆಗುವುದಿಲ್ಲ. ಸುಗಲಾ ಪಂಪು ನಿಲ್ಲಿಸಿದರೆ ಅದು ನೀರ್ತಡೆ, ನಿಲ್ಲಿಸದೆ ಮೋಟರು ಸುಟ್ಟರೆ ಮೋಟರುಗೊಲೆ, ಎರಡಕ್ಕೂ ಅಗಸಿಯಾಚೆಯೇ ಶಿಕ್ಷೆ. ವಿಚಾರಣೆಗೆ ಕೂತವರು ಹಾಳೆ ಮುಂದಿಟ್ಟು ದೀಪ ಸರಿಯಿತ್ತೇ ಎಂದು ನನ್ನನ್ನೇ ಕೇಳುತ್ತಾರೆ. ನನಗೆ ನಾನು ಗೊತ್ತು ಗುರುಬಸಪ್ಪನವರೇ. ಸರಿಯಿತ್ತು ಅನ್ನುತ್ತೇನೆ.

ಇಂತಿ,
ಮಹಾನಂದಾ ಹೂಗಾರ, ದೀಪಸಾಕ್ಷಿ